ಅನುಮಾನಕ್ಕೆ ಅಪ್ಪಣೆ

ವಿಯೆನ್ನಾದ ಆ ಭೌತಶಾಸ್ತ್ರ ಸಂಸ್ಥೆಯ ನಿಯಮಾವಳಿಯ ಪ್ರಕಾರ, ಖಾಯಂ ನೌಕರರನ್ನು ಶಿಸ್ತು ಸಮಿತಿಯ ಲಿಖಿತ ಅಪ್ಪಣೆಯಿಲ್ಲದೆ ಯಾರೂ ಅನುಮಾನಿಸತಕ್ಕದ್ದಲ್ಲ. ಡಾಕ್ಟರ್ ರೋಸ್ವಿತಾ ಪಿಖ್ಲರ್ ಸಿಕ್ಕಿಹಾಕಿಕೊಂಡದ್ದು ಇಲ್ಲೇ.

ಆಕೆ ಕೊರೆಯುವಷ್ಟು ತಣ್ಣಗಾಗಿಸಿದ ಸಾವಿರಾರು ಪರಮಾಣುಗಳ ಮೋಡವೊಂದನ್ನು ಎರಡು ಪಾಲು ಮಾಡಿದ್ದಳು. ಒಂದು ಪಾಲನ್ನು ತಾನು ಅಳೆದ ರೀತಿಗೆ ತಕ್ಕಂತೆ, ಮುಟ್ಟದ ಇನ್ನೊಂದು ಪಾಲಿನ ಸ್ಥಿತಿ ತಿರುಗುತ್ತದೆಂದು ತೋರಿಸಬೇಕಿತ್ತು. ಕ್ವಾಂಟಂ ಸ್ಟಿಯರಿಂಗ್ ಅಂತ ಅದರ ಹೆಸರು. ಒಂದೆರಡು ಕಣಗಳಲ್ಲಿ ಸಂಸ್ಥೆಯವರು ಕಂಡಿದ್ದರು, ಇಷ್ಟು ದೊಡ್ಡದರಲ್ಲಿ ಇಲ್ಲ. ಪರೀಕ್ಷೆಯ ಷರತ್ತು ಒಂದೇ: ಇನ್ನೊಂದು ಪಾಲನ್ನು ಅಳೆಯುವ ಸಹೋದ್ಯೋಗಿ ಕ್ಲೆಮೆನ್ಸ್, ಆಕೆಯ ಮಾತನ್ನಾಗಲಿ ಯಂತ್ರವನ್ನಾಗಲಿ ನಂಬಕೂಡದು. ಶುಕ್ರವಾರ ಉಪಕರಣ ಬೇರೆ ತಂಡದ ಪಾಲು. ಅಷ್ಟರೊಳಗೆ ಆಗದಿದ್ದರೆ ನಾಲ್ಕು ವರ್ಷದ ದುಡಿಮೆ ನೀರಲ್ಲಿ ಹೋಮ.

ಹೋಫ್ರಾಟ್ ಎಂಬ ಸರ್ಕಾರಿ ಬಿರುದು ಹೊತ್ತ ಸಿಬ್ಬಂದಿ ವಿಭಾಗದ ನೀಡರ್‌ಮಾಯರ್, ತನ್ನನ್ನು ಅನುಮಾನಿಸಲು ಅಪ್ಪಣೆ ಕೋರಿದ ಆಕೆಯ ಅರ್ಜಿ ಓದಿ ಕನ್ನಡಕ ತೆಗೆದರು.

"ಡಾಕ್ಟರಮ್ಮ, ನಿಮ್ಮ ಮೇಲೆ ಒಂದು ದೂರೂ ಇಲ್ವಲ್ಲ. ಸುಮ್‌ಸುಮ್ನೆ ಹೇಗೆ ಅನುಮಾನ ಪಡೋದು?"

"ವಿಜ್ಞಾನಕ್ಕೋಸ್ಕರ, ಹೋಫ್ರಾಟ್ ಸಾಹೇಬ್ರೇ!"

"ವಿಜ್ಞಾನಕ್ಕೆ ಬೇರೆ ಫಾರಂ ಇದೆ. ಇದಕ್ಕೆ ವಿಚಾರಣೆನೇ ಆಗ್ಬೇಕು."

ಬುಧವಾರ ವಿಚಾರಣೆ. ಸಾಕ್ಷಿ ಹೇಳಲು ನಿಂತ ಕ್ಲೆಮೆನ್ಸ್, "ಇವರನ್ನ ಕಣ್ಣುಮುಚ್ಚಿ ನಂಬ್ತೀನಿ" ಅಂದುಬಿಟ್ಟ. ರೋಸ್ವಿತಾಗೆ ಅಳುವೇ ಬಂತು.

"ಅಯ್ಯೋ ನಿನ್ನ! ನನ್ನ ಮುಳುಗಿಸ್ಬೇಡ್ವೋ!" ಎಂದು ಗದರಿ, ಎದ್ದು ನಿಂತಳು. "ಸಾಹೇಬ್ರೇ, ನಿಮ್ಮ ಹುಟ್ಟುಹಬ್ಬದ ಗಸಗಸೆ ಕೇಕು ಫ್ರಿಜ್ಜಿಂದ ಮಾಯವಾಗಿತ್ತಲ್ಲ, ಕದ್ದು ತಿಂದಿದ್ದು ನಾನೇ."

ಹೋಫ್ರಾಟರ ಮುಖ ಕಪ್ಪಿಟ್ಟಿತು. "ಕೇಳಿದಾಗ ಇಲ್ಲ ಅಂದಿದ್ರಿ!"

"ಸುಳ್ಳು ಹೇಳಿದ್ದೆ."

ಗಸಗಸೆ ಕಂಡರೆ ಆಕೆಗಾಗದೆಂಬುದು ಸಮಿತಿಯ ಗಮನಕ್ಕೆ ಬರಲಿಲ್ಲ. ಆಕೆ ಅವಿಶ್ವಾಸಾರ್ಹಳೆಂದು ಸರ್ವಾನುಮತದ ತೀರ್ಮಾನವಾಯಿತು.

ಗುರುವಾರ ಪ್ರಯೋಗ ಗೆದ್ದಿತು. ಸಮಿತಿ ಕೊಟ್ಟದ್ದೆಲ್ಲ ನಿಯಮದಂತೆ ಬಿರುದೇ ಆದ್ದರಿಂದ, ಶುಕ್ರವಾರ ಆಕೆಯ ಬಾಗಿಲಿಗೆ "ಅವಿಶ್ವಾಸಾರ್ಹ ಡಾಕ್ಟರ್ ಪಿಖ್ಲರ್" ಎಂಬ ಹಿತ್ತಾಳೆ ಫಲಕ ಬಂತು. ಕಾವಲುಗಾರ ಟೋಪಿ ತೆಗೆದು, ಒಂದಕ್ಷರ ಬಿಡದೆ ಹಾಗೆಯೇ ಕರೆದು ನಮಸ್ಕರಿಸಿದ.

ಪ್ರಯೋಗದ ಪ್ರಬಂಧದಲ್ಲಿ ಮಾತ್ರ ಹೋಫ್ರಾಟರೊಬ್ಬರದೇ ಹೆಸರಿತ್ತು. ರೋಸ್ವಿತಾ ಅದನ್ನು ಹಿಡಿದು ಅವರ ಕೋಣೆಗೆ ನುಗ್ಗಿದಳು.

"ಪ್ರಯೋಗ ಮಾಡಿದ್ದು ನಾನಲ್ವಾ?"

"ಹಾಗಂತ ನೀವು ಹೇಳ್ತೀರಿ," ಅಂದರು ಹೋಫ್ರಾಟ್, ತುಂಬ ಮರ್ಯಾದೆಯಿಂದ. "ನಂಬೋದು ಹೇಗಮ್ಮ?"

ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಆಕೆ ಹೊರಬಂದರೆ, ಅದೇ ಬಿರುದಿಗೆ ಅರ್ಜಿ ಹಿಡಿದು ಹನ್ನೊಂದು ಜನ ಸಾಲು ನಿಂತಿದ್ದರು. ಮೊದಲಿಗನೇ ಕ್ಲೆಮೆನ್ಸ್.

"ನಾನೇನು ಕದ್ದೆ ಅಂತ ಬರೀಲಿ, ಅವಿಶ್ವಾಸಾರ್ಹ ಡಾಕ್ಟರಮ್ಮ?"

"ಹೋಫ್ರಾಟರ ಛತ್ರಿ ಅಂತ ಬರಿ," ಅಂದಳು ರೋಸ್ವಿತಾ, "ಬೇಗ ಮಂಜೂರಾಗುತ್ತೆ."