ಅಂಬಿಗನ ಬ್ಯಾಟರಿ, ಅವ್ವನ ದೀಪ

ಬ್ಯಾಟರಿ ಚಾರ್ಜು ಮಾಡೋದು ತಂಟೆ ತಕರಾರಿಲ್ಲದ ಕೆಲಸ ಅಂದ್ಕೊಂಡು ನಾನು ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟೆ. ತಂತಿ ಸಿಕ್ಕಿಸು, ಆಸಿಡ್ಡಲ್ಲಿ ಗುಳ್ಳೆ ಏಳೋದು ನೋಡ್ತಾ ಕೂರು, ಅಷ್ಟೇ. ಆದರೆ ಬ್ಯಾಟರಿ ಜೊತೆಗೆ ಅದರ ಯಜಮಾನರೂ ಬರ್ತಾರಲ್ಲ! ಐವತ್ತರ ದಶಕದ ಮಾತು ಇದು. ಲಾರಿಯವರು, ಟೂರಿಂಗ್ ಟಾಕೀಸಿನವರು, ಪಂಚಾಯ್ತಿ ರೇಡಿಯೋದವರು, ಎಲ್ಲರನ್ನೂ ಕಂಡಿದ್ದೀನಿ. ಎಚ್.ಡಿ. ಕೋಟೆ ಕಡೆಯ ಆ ಅಂಬಿಗನಂಥವನನ್ನ ಮಾತ್ರ ಇನ್ನೊಬ್ಬನನ್ನ ಕಾಣಲಿಲ್ಲ.

ಕಪಿಲೆ ಹೊಳೆಯಲ್ಲಿ ಅವನದೊಂದು ಪುಟ್ಟ ದೋಣಿ. ಒಂದು ಮುಸ್ಸಂಜೆ ಅದನ್ನ ಬಂಡೆಗೆ ತಾಗಿಸಿ, ಶ್ಯಾನುಭೋಗರನ್ನ ಪೇಟದ ಸಮೇತ ನೀರಿಗೆ ಕೆಡವಿದ್ದ. ಅಮಲ್ದಾರರು ಹುಕುಂ ಮಾಡಿದರು: "ದೋಣಿ ಮುಂದುಗಡೆ ದೀಪ ಉರೀಬೇಕು. ದೀಪಾವಳಿ ಆದ್ಮೇಲೆ ನಾನೇ ಬಂದು ನೋಡ್ತೀನಿ. ಉರೀದಿದ್ರೆ ದೋಣಿ ನಡೆಸೋ ಕೆಲಸ ಕೆಳಗಿನೂರಿನವನಿಗೆ."

ಹಾಗಾಗಿ ಅವನು ಹಳೇ ಲಾರಿಯ ಒಂದು ಬ್ಯಾಟರಿ, ಒಂದು ಬಲ್ಬು ಹೊಂದಿಸಿಕೊಂಡು ನನ್ನಲ್ಲಿಗೆ ಬಂದ.

ಪಥ್ಯದ ನೀರು

ಎರಡನೇ ಸಲ ಬಂದಾಗ ಮುಚ್ಚಳ ತೆಗೆದು ನೋಡ್ತೀನಿ, ಒಳಗೆ ಮರಳು!

"ಏನಪ್ಪಾ ಸುರಿದೆ ಇದಕ್ಕೆ?"

"ನೀರು ಕಮ್ಮಿಯಾಗಿತ್ತು ಸಾಬ್ರೇ. ಒಳೆ ನೀರು ಉಯ್ದೆ. ಅದ್ನೇ ಕುಡ್ದು ನಾನು ಗಟ್ಟಿಮುಟ್ಟಾಗಿಲ್ವಾ?"

"ನಿನಗೆ ಅದು ಸರಿ ಕಣಪ್ಪ. ಇದಕ್ಕೆ ಪಥ್ಯ. ಆವಿ ಹಿಡಿದು ಇಳಿಸಿದ ನೀರನ್ನ ಬಿಟ್ಟು ಬೇರೇನೂ ಆಗಲ್ಲ. ಅದರಷ್ಟು ಶುದ್ಧವಾದ ನೀರು ಈ ತಾಲ್ಲೂಕಲ್ಲೇ ಇಲ್ಲ" ಅಂತ ಹೇಳಿ ಒಂದು ಸೀಸೆ ಕೊಟ್ಟು ಕಳಿಸಿದೆ.

ಮುಂದಿನ ವಾರ ಸೀಸೆ ಖಾಲಿ. ಬ್ಯಾಟರಿಯೂ ಒಣಗಿತ್ತು.

"ನೀರೆಲ್ಲಿ ಹೋಯ್ತು?"

"ಅಷ್ಟು ಒಳ್ಳೇ ನೀರು ಅಂದ್ರಲ್ಲ ಸಾಬ್ರೇ, ಅವ್ವುಂಗೆ ಒಟ್ಟೆನೋವು ಅಂತಿದ್ಲು, ಕುಡುಸ್ಬುಟ್ಟೆ. ವಾಸಿಯಾಯ್ತು. ಇನ್ನೊಂದು ಸೀಸೆ ಕೊಡಿ!"

ಮುಂದಿನ ಸೀಟು

ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಹತ್ತಿ ಬರ್ತಿದ್ದ ಅವನು, ಬ್ಯಾಟರಿಯನ್ನ ಸೀಟಿನ ಕೆಳಗೆ ತಳ್ಳೋನು. ಒಂದು ದಿನ ಆ ಸೀಟಿನಲ್ಲಿ ಮಗನಿಗೆ ಹೆಣ್ಣು ನೋಡೋಕೆ ಹೊರಟ ಹಿರಿಯರೊಬ್ಬರು ಕೂತಿದ್ದರು. ಹೊಚ್ಚಹೊಸ ಜರಿಪಂಚೆ. ಹುಣಸೂರಲ್ಲಿ ಇಳಿದು ಕೊಡವಿಕೊಂಡ್ರೆ ಆಸಿಡ್ ತಾಗಿ ಅಂಚೆಲ್ಲ ತೂತು. ಬೀಗರ ಮನೆಗೆ ಹೇಗೆ ಹೋಗೋದು? ಕೊನೆಗೆ ಕಂಡಕ್ಟರ್ ಪಾಪ ತನ್ನದೇ ಪಂಚೆ ಕೊಟ್ಟು ಕಳಿಸಿದ.

ಅವತ್ತಿಂದ ಆ ಕಂಡಕ್ಟರಿಗೆ ಬ್ಯಾಟರಿ ಅಂದ್ರೆ ಹುಲಿ ಕಂಡಂಗೆ. ಯಾರೂ ಹತ್ತಿರ ಸುಳೀಬಾರದು ಅಂತ ಡ್ರೈವರ್ ಪಕ್ಕದ ಸೀಟು ಪೂರ್ತಿ ಖಾಲಿ ಮಾಡಿಸಿ ಅದನ್ನ ಕೂರಿಸ್ತಿದ್ದ.

ಅಂಬಿಗ ನನ್ನ ಹತ್ರ ಬಂದು ಗೋಳಾಡಿದ: "ಇದೆಂಥ ನ್ಯಾಯ ಸಾಬ್ರೇ? ಟಿಕೀಟು ತಕ್ಕಂಡೋನು ನಾನು, ನಿಂತ್ಕಂಡು ಬತ್ತೀನಿ. ಅದು ಕೂತ್ಕಂಡು ಬತ್ತದೆ!"

ಅಮಲ್ದಾರರ ಪರೀಕ್ಷೆ

ನನಗೆ ಒಂದೇ ಒಂದು ಸಂಗತಿ ಅರ್ಥವಾಗ್ತಿರಲಿಲ್ಲ. ತುಂಬಿಸಿ ಕಳಿಸಿದ ಬ್ಯಾಟರಿ ಪ್ರತಿ ಸಲವೂ ಪೂರಾ ಬರಿದಾಗಿ ವಾಪಸ್ ಬರೋದು. ಅರ್ಧ ಇಳಿದಾಗಲೇ ತಂದ್ರೆ ಬ್ಯಾಟರಿ ವರ್ಷಗಟ್ಟಲೆ ಬಾಳ್ತದೆ. ತಳ ಕಾಣೋವರೆಗೂ ಉರಿಸಿದ್ರೆ ಒಳಗಿನ ಪ್ಲೇಟುಗಳು ಬಿಳಿಚಿಕೊಳ್ತವೆ, ಆಮೇಲೆ ಚಾರ್ಜು ಹಿಡಿಯಲ್ಲ. ಇವನ ಪ್ಲೇಟುಗಳು ಆಗಲೇ ಬಿಳಿಚಿದ್ದವು.

"ದೀಪ ಎಷ್ಟು ಹೊತ್ತು ಬೇಕಾಗ್ತದಯ್ಯ ನಿನಗೆ?"

"ಒಳೆ ದಾಟೋಗಂಟ ಅಷ್ಟೇಯಾ."

"ಮತ್ತೆ ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಗ್ತದೆ?"

ಅವನು ತಲೆ ಕೆರ್ಕೊಂಡ. ನನಗೆ ತಡೆಯೋಕಾಗಲಿಲ್ಲ. ಪರೀಕ್ಷೆಯ ದಿನ ಅಂಗಡಿಗೆ ಬೀಗ ಜಡಿದು, ಬ್ಯಾಟರಿ ಜೊತೆ ನಾನೂ ಹೊರಟೆ. "ಹುಷಾರು ಕಣಪ್ಪ, ಈಗ ಇದರ ದಮ್ಮು ಅಷ್ಟಕ್ಕಷ್ಟೇ" ಅಂತ ದಾರಿಯಲ್ಲೇ ಹೇಳಿದ್ದೆ. ಅವನ ಮುಖ ಸಣ್ಣಗಾಯ್ತು. "ದೋಣಿ ಓದ್ರೆ ನಂಗೆ ಬ್ಯಾರೆ ಕಸುಬು ಬರಾಕಿಲ್ಲ ಸಾಬ್ರೇ" ಅಂದ.

ಹೊತ್ತು ಮುಳುಗಿತು. ಅಮಲ್ದಾರರು ಜೀಪಿನಿಂದಿಳಿದು ದೋಣಿ ಹತ್ತಿದರು. ಸ್ವಿಚ್ ಹಾಕಿದ್ರೆ ದೀಪ ಝಗ್ ಅಂತು! ಬಂಡೆಗಿಂಡೆ ಎಲ್ಲ ತಪ್ಪಿಸಿ ಆಚೆ ದಡ ಮುಟ್ಟಿದೆವು. ಅಲ್ಲಿ ಅಂಬಿಗನ ತಾಯಿ ಕಾಯ್ತಾ ನಿಂತಿದ್ಲು.

"ಸರಿ, ಒಂದ್ಸಲ ಆರಿಸಿ ಮತ್ತೆ ಹಚ್ಚು, ನೋಡೋಣ" ಅಂದ್ರು ಅಮಲ್ದಾರರು.

"ಬುಡ್ತು ಅನ್ನಿ ಸ್ವಾಮಿ!" ಮುದುಕಿ ಕೂಗಿಕೊಂಡ್ಲು. "ಗಂಗಮ್ಮನ ಮುಂದೆ ಮೂರ್ಸಂಜೇಲಿ ಅಚ್ಚಿದ್ ದೀಪವ ಯಾರಾರ ಆರುಸ್ತಾರಾ? ಅದಾಗದೇ ಸಾಂತವಾಗ್ಬೇಕು. ನನ್ ಮಗ ಒಂದಿನಾನೂ ಆರುಸಿಲ್ಲ, ನಾನು ಬುಟ್ಟೂ ಇಲ್ಲ!"

ಯಾ ಅಲ್ಲಾ! ಬ್ಯಾಟರಿ ಬರಿದಾಗ್ತಿದ್ದದ್ದು ಹೀಗೆ!

ಅಮಲ್ದಾರರ ಮುಖ ಬಿಗಿಯಿತು. ನಾನು ಮಧ್ಯೆ ಬಾಯಿ ಹಾಕಿದೆ: "ಅವ್ವಾ, ಇದರ ಬದಲಿಗೆ ಒಂದು ಹಣತೆ ಹಚ್ಚಿಟ್ರೆ ಇದನ್ನ ಶಾಂತ ಮಾಡಬಹುದಲ್ವಾ?"

ಮುದುಕಿ ಯೋಚಿಸಿದ್ಲು. "ಅಂಗಾರೆ ಆಗ್ಬೋದು" ಅಂತ ಗುಡಿಸಲಿಂದ ಹಣತೆ ತಂದ್ಲು. ಹೊಳೆ ಗಾಳಿಗೆ ಬತ್ತಿ ನಿಲ್ಲಬೇಕಲ್ಲ! ಕಡ್ಡಿ ಗೀರಿದಂತೆಲ್ಲ ಫಕ್, ಫಕ್. ನಾನು ಟೋಪಿ ಅಡ್ಡ ಹಿಡಿದೆ, ಅಮಲ್ದಾರರು ಕೊಡೆ ಬಿಚ್ಚಿ ಹಿಡಿದರು. ಅಂತೂ ಹಣತೆ ಹತ್ತಿತು. ತಿರುಗಿ ನೋಡಿದ್ರೆ ಬಲ್ಬು ಕೆಂಪಗಾಗಿ, ಮಂಕಾಗಿ, ತಾನಾಗೇ ನಿಂತುಹೋಯ್ತು.

"ನೋಡುದ್ರಾ? ಕಾದ್ರೆ ಅದ್ಕೇ ಗೊತ್ತಾಯ್ತದೆ" ಅಂದ್ಲು ಮುದುಕಿ.

ಕತ್ತಲಾಗಿತ್ತು, ಜೀಪು ಈಚೆ ದಡದಲ್ಲಿತ್ತು. ಬೇರೆ ದಾರಿಯಿಲ್ಲದೆ ಅಮಲ್ದಾರರು ಹಣತೆ ಕೈಗೆತ್ತಿಕೊಂಡು, ಕೊಡೆಯನ್ನ ಗಾಳಿಗೆ ಮರೆ ಹಿಡಿದುಕೊಂಡು, ದೋಣಿಯ ಮುಂದುಗಡೆ ತಾವೇ ಕೂತರು. ಅಂಬಿಗ ಉಸಿರು ಬಿಗಿಹಿಡಿದು ಹುಟ್ಟು ಹಾಕಿದ. ದೋಣಿ ಎಲ್ಲೂ ತಾಗಲಿಲ್ಲ.

ದಡಕ್ಕಿಳಿದು ಅಮಲ್ದಾರರು ಗಂಟಲು ಸರಿಮಾಡಿಕೊಂಡರು. "ಮುಂದುಗಡೆ ದೀಪ ಇರ್ಬೇಕು ಅಂದಿದ್ದೆ. ಇತ್ತು. ದೋಣಿ ನಿನ್ನದೇ ಕಣಯ್ಯ."

ಅಂಬಿಗ ಅವರ ಕಾಲಿಗೇ ಬಿದ್ದ. ನನಗೂ ಕಣ್ಣು ತುಂಬಿ ಬಂತು. ಅಮಲ್ದಾರರು ಹಣತೆ ಊದೋಕೆ ಬಾಯಿ ಹತ್ತಿರ ತಂದವರು, ಗಕ್ಕನೆ ನಿಂತರು. ಆಚೆ ದಡದ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು:

"ಸಾಬ್ರೇ, ಈಗ ಇದನ್ನೇನು ಮಾಡೋದ್ರೀ?"

ಅದನ್ನ ಹಿಡ್ಕೊಂಡೇ ಜೀಪು ಹತ್ತಿದರು.