ಅಳಿಯ ಆಡುವುದು ಯಾವ ದೇಶಕ್ಕೆ?

ಟೂರ್ ಮ್ಯಾನೇಜರಾಗಿ ಅರ್ಧ ಆಯುಷ್ಯವನ್ನು ಯುರೋಪಿನ ಬಸ್ಸುಗಳಲ್ಲಿ ಕಳೆದವಳು ನಾನು. ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ಚಾದರ ಹಾಸಿ ಥೇಪ್ಲಾ ತಿನ್ನುವವರನ್ನೂ, ಪ್ಯಾರಿಸಿನಲ್ಲಿ ಇಳಿದ ಕೂಡಲೇ ಗೋಪುರದ ಕಡೆ ನೋಡದೆ ಬಿಸಿನೀರು ಎಲ್ಲಿ ಸಿಗುತ್ತದೆಂದು ಕೇಳುವವರನ್ನೂ ಸಂಭಾಳಿಸಿದ್ದೇನೆ. ಯಾವ ಗಡಿಯಲ್ಲೂ ಗಲಿಬಿಲಿಯಾಗದ ನನಗೆ ಈಗ ನೆರೂಳಿನ ನನ್ನ ಫ್ಲ್ಯಾಟಿನಲ್ಲಿ ಕೂತಲ್ಲೇ ಗಲಿಬಿಲಿ. ಕಾರಣ ನನ್ನ ತಮ್ಮನ ಮಗ, ಅಂದರೆ ಸೋದರಳಿಯ. ಹಡಗಿನಲ್ಲಿ ಅಡುಗೆಗೆಂದು ಹೋದ ತಮ್ಮ ಡೆನ್ಮಾರ್ಕಿನಲ್ಲಿ ಇಳಿದ, ಮತ್ತೆ ಹಡಗು ಹತ್ತಲಿಲ್ಲ. ಅಲ್ಲಿಯವಳನ್ನೇ ಮದುವೆಯಾದ. ಅವರ ಮಗ ಅಲ್ಲಿ ಫುಟ್‌ಬಾಲ್ ಆಟಗಾರನಾಗಿ ಬೆಳೆದು, ನವಿ ಮುಂಬಯಿಯ ಒಂದು ಕ್ಲಬ್ಬಿಗೆ ಆಡಲು ಬಂದು, ನನ್ನ ಮನೆಯ ಸಣ್ಣ ಕೋಣೆಯಲ್ಲಿ ಮಂಚದಾಚೆ ಕಾಲು ಚಾಚಿ ಮಲಗುತ್ತಾನೆ. ಎರಡು ದೇಶ ಸೇರಿ ಒಬ್ಬ ಮನುಷ್ಯ ಆದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಕೆಲವನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ನನಗೇ ಯಾವುದು ಮೊದಲು ಆದದ್ದೆಂದು ಮರೆತುಹೋದೀತು.

ಬೆಳಿಗ್ಗೆ ಎಂತ ಕೆಲಸ?

ಬಂದ ವಾರವೇ ಅವನನ್ನು ಡೊಂಬಿವಲಿಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮ ಅಣ್ಣನ ಶಾಕಾಹಾರಿ ಹೋಟೆಲು. ಅಣ್ಣನ ಮಕ್ಕಳು ಅಲ್ಲಿಯೇ ಹುಟ್ಟಿದವರು; ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಈ ಬೆಕ್ಕಿನ ಕಣ್ಣಿನ, ಬಾಗಿಲಿಗೆ ತಲೆ ತಾಗುವ ಹುಡುಗ ಮಾತ್ರ ಕೈಮುಗಿದು, "ನಮಸ್ಕಾರ ದೊಡ್ಡಪ್ಪ, ಹುಷಾರಿದ್ದೀರಲ್ದಾ?" ಎಂದ. ಅಪ್ಪ ಕಲಿಸಿದ ಕನ್ನಡ. ಅಣ್ಣನಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ನೇರ ವಿಷಯಕ್ಕೆ ಬಂದರು.

"ನಿನ್ನ ಕೆಲಸ ಎಂತದ್ದು ಮಗಾ?"

"ಫುಟ್‌ಬಾಲ್ ಆಡೂದು."

"ಅದು ಸಂಜೆಗಾಯ್ತು. ಬೆಳಿಗ್ಗೆ ಎಂತ ಕೆಲಸ?"

"ಬೆಳಿಗ್ಗೆ ಪ್ರಾಕ್ಟೀಸ್."

"ಎಂತದ್ದರ ಪ್ರಾಕ್ಟೀಸ್?"

"ಸಂಜೆ ಆಡೂದರದ್ದು."

ಅಣ್ಣ ಸಮಾಧಾನವಾದವರಂತೆ ತಲೆಯಾಡಿಸಿದರು. "ಹಾಗಾದ್ರೆ ಮಧ್ಯಾಹ್ನ ಖಾಲಿ ಇದ್ದಿ. ಊಟದ ರಶ್ಶಿಗೆ ಬಂದು ಗಲ್ಲೆಯಲ್ಲಿ ಕೂತು ದುಡ್ಡು ತಗೊ."

ಬಾಗಿಲಲ್ಲಿ ನಿಂತವನು

ಈಗ ನಮ್ಮ ಸಂಕಟದ ವಿಷಯ. ಕ್ಲಬ್ಬಿನಲ್ಲಿ ವಿದೇಶಿ ಆಟಗಾರರಿಗೆ ಬೆರಳೆಣಿಕೆಯ ಜಾಗ. ಅಪ್ಪ ಉಡುಪಿಯವನಾದರೇನು, ಪಾಸ್‌ಪೋರ್ಟು ಡೆನ್ಮಾರ್ಕಿನದು. ಹಾಗಾಗಿ ನಮ್ಮ ಹುಡುಗ ವಿದೇಶಿ. ಮುಂದಿನ ಸೀಸನ್ನಿಗೆ ಅವನ ಜಾಗಕ್ಕೆ ಬ್ರೆಜಿಲಿನಿಂದ ಒಬ್ಬ ಬರುತ್ತಾನೆಂದು ಸುದ್ದಿ. ಇವನು ಭಾರತೀಯನಾಗಿಬಿಟ್ಟರೆ ಭಾರತೀಯರ ಸಾಲಿನಲ್ಲಿ ಜಾಗ ಉಂಟು, ದೇಶದ ತಂಡಕ್ಕೆ ಆಡುವ ಅವನ ಆಸೆಗೂ ಬಾಗಿಲು ತೆರೆಯುತ್ತದೆ. ಆದರೆ ನಮ್ಮ ದೇಶದವರು ಎರಡು ಪಾಸ್‌ಪೋರ್ಟು ಒಪ್ಪುವುದಿಲ್ಲ. ಡೆನ್ಮಾರ್ಕಿನದನ್ನು ಬಿಡಬೇಕು. ಬಿಟ್ಟ ಮೇಲೆ ಕ್ಲಬ್ಬೂ ಕೈಬಿಟ್ಟರೆ? ಹುಡುಗ ಅಲ್ಲಿಯವನೂ ಅಲ್ಲ, ಇಲ್ಲಿ ಕೆಲಸವೂ ಇಲ್ಲ.

ಅದಕ್ಕೆ ಅವನು, "ನನ್ನನ್ನು ಇಟ್ಟುಕೊಳ್ತೇನೆ ಅಂತ ಕೋಚ್ ಮಾತು ಕೊಡ್ಲಿ, ಬಿಡ್ತೇನೆ" ಎನ್ನುತ್ತಾನೆ. ಕೋಚ್, "ಮೊದಲು ಬಿಡಲಿ, ಆಮೇಲೆ ಮಾತು ಕೊಡುತ್ತೇನೆ" ಎನ್ನುತ್ತಾರೆ. ಕೋಚ್ ಸ್ಪೇನಿನವರು. ಟೂರಿನ ಕಾಲದಲ್ಲಿ ನಾನು ಕಲಿತ ಸ್ಪ್ಯಾನಿಷ್ ನೋಡಿ ಕ್ಲಬ್ಬಿನವರು ನನ್ನನ್ನೇ ದುಭಾಷಿಯಾಗಿ ಇಟ್ಟುಕೊಂಡಿದ್ದರು. ಹೀಗಾಗಿ ಒಂದೇ ಮಾತನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊರುವುದು ನನ್ನ ಉದ್ಯೋಗವಾಯಿತು.

ಅಣ್ಣನಿಗೆ ಇದನ್ನು ವಿವರಿಸಿದೆ. ಅವರಿಗೆ ಪಾಸ್‌ಪೋರ್ಟು ತಿಳಿಯದಿದ್ದರೂ ಲೋಕಲ್ ಟ್ರೈನು ತಿಳಿಯುತ್ತದೆ. "ಗೊತ್ತಾಯ್ತು ಬಿಡು. ಹೊರಗೆ ನಿಂತವ, ಒಳಗಿದ್ದವ ಇಳಿದ್ರೆ ನಾನು ಹತ್ತುತ್ತೇನೆ ಅಂತಾನೆ; ಬಾಗಿಲಲ್ಲಿ ನಿಂತವ, ಅವನು ಸರಿದ್ರೆ ನಾನು ಇಳೀತೇನೆ ಅಂತಾನೆ."

"ಹಾಗೆ ಆದ್ರೆ ಏನಾಗ್ತದೆ ಅಣ್ಣ?"

"ಎಂತ ಆಗೂದು ಮಾರಾಯ್ತಿ? ಠಾಣೆಯಲ್ಲಿ ಇಳಿಯಬೇಕಾದವ ಕಲ್ಯಾಣದಲ್ಲಿ ಇಳೀತಾನೆ."

ಲಿಫ್ಟು ಮೇಲೆ ಬರುವಷ್ಟರಲ್ಲಿ

ನಮ್ಮ ಫ್ಲ್ಯಾಟುಗಳ ಸೊಸೈಟಿಯ ಸೆಕ್ರೆಟರಿ ಕಾನೂನಿನ ಮನುಷ್ಯ. ಹುಡುಗ ಬಂದ ಮರುದಿನವೇ ಬಾಗಿಲು ತಟ್ಟಿದರು.

"ಮ್ಯಾಡಂ, ಫಾರಿನರ್ ಇಟ್ಟುಕೊಂಡಿದ್ದೀರಂತೆ. ಸೊಸೈಟಿ ನಿಯಮದಲ್ಲಿ ಕೂರುವುದಿಲ್ಲ."

"ನನ್ನ ತಮ್ಮನ ಮಗ."

"ತಮ್ಮನ ಮಗ ಇರಬಹುದು. ಫಾರಿನರ್ ಹೌದೋ ಅಲ್ಲವೋ?"

ಹೌದು ಎಂದೆ. ಅಂದಿನಿಂದ ಅವನು ಹತ್ತುವ ಲಿಫ್ಟನ್ನೇ ಬಿಟ್ಟು ಸೆಕ್ರೆಟರಿ ಮೆಟ್ಟಿಲು ಹತ್ತುತ್ತಿದ್ದರು. ಈಜುಕೊಳದ ಬಳಿ ಹೋದರೆ ವಾಚ್‌ಮನ್ ಬಂದು ನಿಲ್ಲುತ್ತಿದ್ದ. ಆಮೇಲೆ ನಮ್ಮ ಸೆಕ್ಟರಿನ ಸೊಸೈಟಿಗಳ ನಡುವೆ ಟರ್ಫಿನ ಮೇಲೆ ಫುಟ್‌ಬಾಲ್ ಪಂದ್ಯ ಗೊತ್ತಾಯಿತು. ಎದುರಿನ ಸೊಸೈಟಿಯವರು ಹೋದ ಸಲ ನಮ್ಮವರನ್ನು ಹಿಗ್ಗಾಮುಗ್ಗಾ ಸೋಲಿಸಿದ್ದರು. ಈ ಸಲ ನಮ್ಮ ತಂಡದಲ್ಲಿ ಇವನ ಹೆಸರು ಕಂಡು ಅವರ ಸೆಕ್ರೆಟರಿ ನಮ್ಮ ಕಟ್ಟಡದ ಕೆಳಗೇ ಬಂದು ತಕರಾರು ತೆಗೆದರು: "ಹೊರಗಿನವರನ್ನು ಆಡಿಸುವ ಹಾಗಿಲ್ಲ."

ನಮ್ಮ ಸೆಕ್ರೆಟರಿ ಸಿಡಿದೆದ್ದರು. "ಹೊರಗಿನವನೇ? ನಮ್ಮ ಬಿ ವಿಂಗಿನ ಮಗ! ರಕ್ತ ನೋಡಬೇಕು ಸಾಹೇಬರೇ, ಕಾಗದವಲ್ಲ!" ಎಂದವರೇ ಇವನನ್ನು ಕರೆಯಲು ಮೇಲೆ ಬಂದರು. ಮೊದಲ ಬಾರಿಗೆ ಲಿಫ್ಟಿನಲ್ಲಿ.

ಪೌರತ್ವ ಕೊಡುವ ದೆಹಲಿಯ ಕಚೇರಿಯವರಿಗೆ ವರ್ಷಗಟ್ಟಲೆ ಬೇಕಾಗುವ ಕೆಲಸವನ್ನು ಅವರು ತಳಮಹಡಿಯಿಂದ ನಮ್ಮ ಮಹಡಿಗೆ ಬರುವಷ್ಟರಲ್ಲಿ ಮುಗಿಸಿದ್ದರು.

ಶಕ್ತಿಯ ಲೆಕ್ಕ

ಅಣ್ಣ ಹುಡುಗನಿಗೆಂದು ಡಬ್ಬಿ ಕಳಿಸುತ್ತಿದ್ದರು. ಇಡ್ಲಿ, ಗೋಳಿಬಜೆ, ಬನ್ಸು. ಕ್ಲಬ್ಬಿನ ಆಹಾರ ತಜ್ಞೆ ಅದನ್ನು ತೆರೆದು ನೋಡಿ ಗಾಬರಿಯಾಗಿ, ಇದರಲ್ಲಿ ಪ್ರೋಟೀನ್ ಎಷ್ಟೆಂದು ಕೇಳಲು ನನ್ನ ಫೋನಿನಿಂದಲೇ ಹೋಟೆಲಿಗೆ ಕರೆ ಮಾಡಿಸಿದಳು.

ಅಣ್ಣ ಅಂದರು: "ಅಮ್ಮಾ, ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಅದನ್ನು ಕೇಳ್ಲಿಲ್ಲ. ತಿಂತಾರೆ, ಆಮೇಲೆ ಓಡಿ ಹೋಗಿ ಹೊರಟ ಟ್ರೈನ್ ಹಿಡೀತಾರೆ. ನಿಮ್ಮ ಆಟಗಾರರಲ್ಲಿ ಎಷ್ಟು ಜನಕ್ಕೆ ಅದು ಆಗ್ತದೆ?"

ಮಂಡೆ ಸರಿ ಉಂಟಲ್ಲ?

ನಮ್ಮವರಲ್ಲಿ ಅವಿವಾಹಿತ ಹುಡುಗನ ಸುದ್ದಿ ಫಾಸ್ಟ್ ಟ್ರೈನಿಗಿಂತ ಮುಂಚೆ ಕಲ್ಯಾಣ ಮುಟ್ಟುತ್ತದೆ. ಸಂಬಂಧ ಕುದುರಿಸುವ ಹೆಂಗಸೊಬ್ಬರು ಅಲ್ಲಿಂದಲೇ ಫೋನು ಮಾಡಿದರು. ದನಿಯಲ್ಲಿ ಜೇನು.

"ಹುಡುಗ ಫಾರಿನ್ ಅಲ್ವಾ?"

"ಹೌದು, ಡೆನ್ಮಾರ್ಕು."

"ಕನ್ನಡ ಬರ್ತದಂತೆ. ಹಿರಿಯರಿಗೆ ಕೈಮುಗೀತಾನಂತೆ. ಎಂಥ ಸಂಸ್ಕಾರ! ಠಾಣೆಯಲ್ಲಿ ಒಂದು ಹುಡುಗಿ ಉಂಟು, ಐರೋಲಿಯಲ್ಲಿ ಇನ್ನೊಂದು. ಇಬ್ಬರೂ ಫಾರಿನ್ನಿಗೇ ಕಾಯ್ತಾ ಇದ್ದಾರೆ. ಮದುವೆ ಆದ್ಮೇಲೆ ಯಾವಾಗ ಕರ್ಕೊಂಡು ಹೋಗ್ತಾನೆ?"

"ಹೋಗುವುದಿಲ್ಲ. ಅವನು ಆ ಪಾಸ್‌ಪೋರ್ಟು ಬಿಟ್ಟು ಇಲ್ಲಿಯವನಾಗಬೇಕು ಅಂತ ಇದ್ದಾನೆ."

ಆ ಕಡೆಯಿಂದ ಜೇನೆಲ್ಲ ಇಂಗಿಹೋದ ದನಿ ಕೇಳಿತು.

"ಇದ್ದ ಫಾರಿನ್ ಪಾಸ್‌ಪೋರ್ಟು ಬಿಡ್ತಾನಾ? ಬೇಕಂತಲೇ? ನೀವು ಹೇಳಿದ್ದು ಒಳ್ಳೇದಾಯ್ತು. ಬೇರೆಯವರಾದ್ರೆ ಹುಡುಗನ ಮಂಡೆಯ ವಿಷಯ ಮುಚ್ಚಿಡ್ತಿದ್ರು."

ಎರಡೂ ಕಡೆಯಿಂದ

ಒಂದು ಪಂದ್ಯದ ದಿನ ಕೋಚಿಗೆ ಜ್ವರ ಬಂದು ನನಗೆ ದುಭಾಷಿ ಕೆಲಸ ಇರಲಿಲ್ಲ. ಗ್ಯಾಲರಿಯಲ್ಲಿ ಹೋಗಿ ಕೂತೆ. ಸುತ್ತ ರಬಾಳೆಯ ಗೋದಾಮುಗಳಲ್ಲಿ ಲೋಡಿಂಗ್ ಮಾಡುವ ಕಲಬುರಗಿ ಕಡೆಯವರು. ರಜೆ ಹಾಕಿ ಬಂದಿದ್ದರು. ನಮ್ಮ ಹುಡುಗ ಚೆಂಡು ಎಸೆಯಲು ಗೆರೆಯ ಬಳಿ ಬಂದಾಗ ಒಬ್ಬ ಎದ್ದು ನಿಂತು ಕೂಗಿದ: "ಏ ಬಿಳಿ ಬದ್ನಿಕಾಯಿ, ಜರಾ ಜಲ್ದಿ ಓಡೋ! ಉಂಡಿಲ್ಲೇನ್ ನೀ?" ಪರದೇಶದವನಿಗೆ ಏನು ತಿಳಿಯುತ್ತದೆಂಬ ಧೈರ್ಯ.

ಇವನು ಚೆಂಡು ಎತ್ತಿ ಹಿಡಿದುಕೊಂಡೇ ಹಿಂದೆ ತಿರುಗಿದ. "ಉಂಡಿದ್ದೆ ಮಾರಾಯ್ರೆ. ಜಾಸ್ತಿ ಉಂಡದ್ದಕ್ಕೇ ಓಡೂಕೆ ಆತಿಲ್ಲ."

ಗ್ಯಾಲರಿಗೆ ಗ್ಯಾಲರಿಯೇ ಕೂಗಿದವನ ಕಡೆ ತಿರುಗಿತು. ಕೂಗಿದವನು ಮೆಲ್ಲನೆ ಕೂತು ನನ್ನ ಕಡೆ ವಾಲಿದ.

"ಯಕ್ಕಾ, ಕನ್ನಡ ಮಾತಾಡ್ತಾನಲ್ರಿ! ಯಾವ ಊರಾಂವ ಇಂವ?"

"ಅಮ್ಮ ಡೆನ್ಮಾರ್ಕಿನವಳು. ಅಪ್ಪ ಉಡುಪಿ."

ಅವನು ತಲೆ ಕೆರೆದುಕೊಂಡ. ಗೆಳೆಯರ ಕಡೆ ತಿರುಗಿ ತೀರ್ಪು ಕೊಟ್ಟ. "ಲೇ, ಅವ್ವ ಡೆನ್ಮಾರ್ಕ್, ಅಪ್ಪ ಉಡುಪಿ ಅಂತ. ಎರಡೂ ಕಡಿಂದ ಪರದೇಶಿನ ಆದ ಬಿಡ್ರಿ!"

ಪೆನಾಲ್ಟಿ

ಸೀಸನ್ನಿನ ಕೊನೆಯ ಪಂದ್ಯ. ಮುಂದಿನ ವರ್ಷಕ್ಕೆ ಯಾರು ಇರಬೇಕು, ಯಾರು ಹೋಗಬೇಕೆಂದು ಕೋಚ್ ಆ ಸಂಜೆಯೇ ಹೇಳಬೇಕಿತ್ತು. ಹುಡುಗ ಪಾಸ್‌ಪೋರ್ಟು ಬಿಡದೆ ಇನ್ನೂ ಬಾಗಿಲಲ್ಲೇ ನಿಂತಿದ್ದ. ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಅತ್ತೆ, ಇವತ್ತು ಒಂದು ತಪ್ಪೂ ಆಗ್ಬಾರ್ದು" ಎಂದಿದ್ದ. ಡಿಫೆಂಡರ್ ಆದವನು ಹೇಳಿಕೊಳ್ಳಬಹುದಾದ ಆಸೆಯೆಂದರೆ ಅದೊಂದೇ.

ಕೊನೆಯ ಗಳಿಗೆಯವರೆಗೂ ತಪ್ಪು ಆಗಲೂ ಇಲ್ಲ. ನಾವು ಒಂದು ಗೋಲು ಮುಂದಿದ್ದೆವು, ಇನ್ನೇನು ಸೀಟಿ ಬೀಳಬೇಕು. ಆಗ ಎದುರಿನವರ ಫಾರ್ವರ್ಡ್ ಹುಡುಗ ಚೆಂಡಿನೊಂದಿಗೆ ನಮ್ಮ ಗೋಲಿನ ಮುಂದಿನ ಚೌಕಕ್ಕೆ ನುಗ್ಗಿದ. ನಮ್ಮವನು ಜಾರಿ ಬಂದು ಚೆಂಡನ್ನು ಹೊರಗೆ ತಳ್ಳಿದ. ಆ ಹುಡುಗ ಬಿದ್ದ. ಫೌಲ್ ಇಲ್ಲವೆಂದು ರೆಫ್ರಿ ಕೈಯಾಡಿಸಿದರು. ಲೈನ್ಸ್‌ಮನ್ನಿನ ಬಾವುಟ ಏಳಲಿಲ್ಲ. ಬಿದ್ದವನೂ ತಕರಾರು ಮಾಡಲಿಲ್ಲ. ನನ್ನ ಪಕ್ಕದಲ್ಲಿ ಕೋಚ್ ಎದೆ ಮುಟ್ಟಿಕೊಂಡು ದೇವರಿಗೆ ಸ್ಪ್ಯಾನಿಷಿನಲ್ಲಿ ವಂದನೆ ಹೇಳಿದರು.

ಅಷ್ಟರಲ್ಲಿ ನಮ್ಮ ಹುಡುಗ ಎದ್ದು, ಬಿದ್ದವನ ಬಳಿ ಬಗ್ಗಿ, ಅವನ ಕಾಲು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡ.

ಆ ಫಾರ್ವರ್ಡ್ ಕೂತಲ್ಲಿಂದಲೇ ಇವನ ಭುಜ ಮುಟ್ಟಿ, ಇರಲಿ ಇರಲಿ ಎಂಬಂತೆ ತಲೆಯಾಡಿಸಿ, ತಾನೂ ಕೈಯನ್ನು ಎದೆಗೆ ಮುಟ್ಟಿಸಿಕೊಂಡ. ಸಾತಾರಾ ಕಡೆಯ ರೆಫ್ರಿ ಇದನ್ನೆಲ್ಲ ನಿಂತು ನೋಡಿದರು. ಸೀಟಿ ಊದಿ ಪೆನಾಲ್ಟಿ ಜಾಗಕ್ಕೆ ಬೆರಳು ತೋರಿಸಿದರು.

ನಮ್ಮ ಕ್ಯಾಪ್ಟನ್ ಓಡಿದ. "ಸರ್, ಆಪ್‌ನೇ ದೇಖಾ ಕ್ಯಾ?"

"ನಾನೆಲ್ಲಿ ನೋಡಿದೆ?" ಎಂದರಂತೆ ರೆಫ್ರಿ. "ಕಾಲು ತಾಗದೆ ಯಾರಪ್ಪ ಕಣ್ಣಿಗೆ ಒತ್ತಿಕೊಳ್ಳುತ್ತಾರೆ? ನೀನು ಒತ್ತಿಕೊಳ್ಳುತ್ತೀಯಾ?"

ಕ್ಯಾಪ್ಟನ್ ತಿರುಗಿ ಬಂದ. ಇಡೀ ಮೈದಾನದಲ್ಲಿ ಒಬ್ಬನೂ ಮತ್ತೆ ವಾದಿಸಲಿಲ್ಲ. ಅವರು ಗೋಲು ಹೊಡೆದರು. ಪಂದ್ಯ ಡ್ರಾ.

ಕೋಚ್ ಹುಡುಗನನ್ನೂ ನನ್ನನ್ನೂ ಡ್ರೆಸ್ಸಿಂಗ್ ರೂಮಿನ ಹೊರಗೆ ಹಿಡಿದು ನಿಲ್ಲಿಸಿದರು. ಮುಖ ಟೊಮೆಟೊ.

"ರೆಫ್ರಿ ನೋಡಲಿಲ್ಲ. ಲೈನ್ಸ್‌ಮನ್ ನೋಡಲಿಲ್ಲ. ಬಿದ್ದವನು ದೂರಲಿಲ್ಲ. ಮತ್ತೆ ಪೆನಾಲ್ಟಿ ಎಲ್ಲಿಂದ ಬಂತು?"

"ಇವನ ಕಾಲು ಅವನಿಗೆ ತಾಗಿತು" ಎಂದೆ. "ಅದಕ್ಕೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಪುಸ್ತಕಕ್ಕೆ, ಮನುಷ್ಯರಿಗೆ ಕಾಲು ತಾಗಿದರೆ ನಾವು ಹಾಗೆ ಮಾಡುವುದು."

"ಫುಟ್‌ಬಾಲಿನಲ್ಲೂ?"

ಕೋಚ್ ಹುಡುಗನ ಕಡೆ ತಿರುಗಿದರು. "ಡೆನ್ಮಾರ್ಕಿನಲ್ಲೂ ಹೀಗೇ ಮಾಡುತ್ತಿದ್ದೆಯಾ?"

"ಹೌದು. ನಾನು ಸಣ್ಣದಿರುವಾಗಲೇ ಅಪ್ಪ ಅಭ್ಯಾಸ ಮಾಡಿಸಿದ್ದು. ಆದ್ರೆ ಅಲ್ಲಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಕಾಲಿಗೆ ಪೆಟ್ಟಾಯ್ತಾ ಅಂತ ನೋಡ್ತಿದ್ದೇನೆ ಅಂದ್ಕೊಂಡು ಥ್ಯಾಂಕ್ಸ್ ಹೇಳ್ತಿದ್ರು."

ನಾನು ಇದನ್ನು ಸ್ಪ್ಯಾನಿಷಿನಲ್ಲಿ ಹೇಳಿ ಮುಗಿಸಿದೆ. ಕೋಚ್ ಗೋಡೆಗೆ ಒರಗಿ ಮೇಲೆ ನೋಡಿದರು. ಹುಡುಗ ನೆಲ ನೋಡುತ್ತಿದ್ದ. ಎರಡು ದೇಶಗಳೂ ಒಟ್ಟಿಗೇ ಕೈಜಾರಿದ ಹಾಗೆ ನನಗೂ ಅನಿಸಿತು.

ಕೊನೆಗೆ ಕೋಚ್ ನಿಧಾನವಾಗಿ ಹೇಳಿದರು. "ಇವನಿಗೆ ಹೇಳಿ. ವಿದೇಶಿ ಆಟಗಾರನ ಜಾಗಕ್ಕೆ ಇವನು ನಾಲಾಯಕ್ಕು. ತಪ್ಪು ಮಾಡಿ ಆಕಾಶ ನೋಡುತ್ತಾ ನಡೆದುಹೋಗುವವನು ಬೇಕು ಅಲ್ಲಿಗೆ. ಆ ಪಾಸ್‌ಪೋರ್ಟನ್ನು ಬಿಡಲಿ. ಕಾಗದ ಆಗುವವರೆಗೂ ನಾನು ಕಾಯುತ್ತೇನೆ, ಭಾರತೀಯರ ಸಾಲಿನಲ್ಲಿ ಇವನ ಜಾಗ ಇದೆ. ಇದು ನನ್ನ ಮಾತು. ಆದರೆ ಒಂದು ಷರತ್ತು. ಕಣ್ಣಿಗೆ ಒತ್ತಿಕೊಳ್ಳುವುದೆಲ್ಲ ಪಂದ್ಯ ಮುಗಿದ ಮೇಲೆ!"

ನಾನು ಕನ್ನಡದಲ್ಲಿ ಅರ್ಧ ಹೇಳುವಷ್ಟರಲ್ಲೇ ಹುಡುಗ ಸಂತೋಷದಿಂದ ಮೇಲಕ್ಕೆ ಹಾರಿದ. ಹಾರಿದವನು ಇಳಿದದ್ದು ಕೋಚಿನ ಪಾದದ ಮೇಲೆ, ಮೊಳೆ ಬೂಟಿನ ಸಮೇತ. ಕೋಚ್ ಕಿರುಚಿದರು. ಇವನು ಹೌಹಾರಿ ಬಗ್ಗಿದವನು ಅರ್ಧದಲ್ಲೇ ನಿಂತು, ಕೈಯನ್ನು ಗಾಳಿಯಲ್ಲಿಯೇ ಹಿಡಿದುಕೊಂಡು, ಅಪ್ಪಣೆ ಕೇಳುವವನಂತೆ ತಲೆ ಎತ್ತಿ ಅವರ ಮುಖ ನೋಡಿದ.

ಕೋಚ್ ಒಂಟಿಕಾಲಿನಲ್ಲಿ ಕುಂಟುತ್ತಲೇ ಗಡಿಯಾರ ನೋಡಿಕೊಂಡರು.

"ಪಂದ್ಯ ಮುಗಿದಿದೆ" ಎಂದರು. "ಒತ್ತಿಕೋ."