ಕೊಡಲಿಗೆ ಕುಂಕುಮ

ನಗಬಾರದ ಹೊತ್ತಲ್ಲೇ ನಗು ಬರೋ ಹಣೇಬರ ನಂದು. ಮೂಕಂಡಪಲ್ಲಿ ಹತ್ರ ಒಂದು ಫ್ಯಾಕ್ಟ್ರಿಲಿ ಪ್ಯಾಕಿಂಗ್ ಕೆಲ್ಸಕ್ಕೆ ಸೇರಿದ ಮೇಲಂತೂ ಅಂಥವು ನನ್ನ ಹುಡುಕ್ಕೊಂಡೇ ಬರ್ತವೆ. ಹೋದ ವರ್ಷ ಬಂದಿದ್ದು ಆಕ್ಸ್ ಅನ್ನೋ ಇಂಗ್ಲಿಷ್ ಪದ. ಆಕ್ಸ್ ಅಂದ್ರೆ ಕೊಡಲಿ.

ಬಿಸ್ಕೆಟ್ಟಿಗೆ ಬಿತ್ತು

ಆ ಪದ ತಂದಿದ್ದು ನಮ್ಮ ಎಚ್‌ಆರ್ ಸಾರು. ಹಣೇಲಿ ಕುಂಕುಮ ಇಲ್ದೆ ಗೇಟು ದಾಟಲ್ಲ, ರಾಹುಕಾಲದಲ್ಲಿ ಫೋನೂ ಎತ್ತಲ್ಲ, ಅಂಥ ದೈವಭಕ್ತರು. ಒಂದಿನ ಟೀ ಜೊತೆ ಬಿಸ್ಕೆಟ್ ಬರ್ಲಿಲ್ಲ. ಕೇಳಿದ್ರೆ, ಹೆಡ್ ಆಫೀಸ್ನೋರು ಬಿಸ್ಕೆಟ್ಟಿಗೆ ಆಕ್ಸ್ ಹಾಕವ್ರೆ ಅಂದ್ರು. ಆಮೇಲೆ ಜೂಜುವಾಡಿ ಕಡೆಯಿಂದ ಕೆಲ್ಸಕ್ಕೆ ಬರೋರ ವ್ಯಾನಿಗೆ ಆಕ್ಸು, ಕ್ಯಾಂಟೀನ್ ಮೊಟ್ಟೆಗೆ ಆಕ್ಸು. ಪಕ್ಕದಲ್ಲಿ ಕೂತಿದ್ದ ತಮಿಳು ಅಕ್ಕ ಟೀ ಲೋಟನ ಸೆರಗಲ್ಲಿ ಮುಚ್ಚಿಕೊಂಡ್ಲು, ಇದೊಂದಾದ್ರೂ ಉಳೀಲಿ ಅಂತ.

ಅತ್ತೆ ಹೇಳಿದ ಮದ್ದು

ಆಯುಧಪೂಜೆ ಹತ್ರ ಬಂದಾಗ ಪ್ಯಾಕಿಂಗಲ್ಲಿ ಅರ್ಧ ಜನದ ಕೆಲ್ಸಕ್ಕೇ ಆಕ್ಸ್, ಹಬ್ಬ ಕಳೆದ ಮೇಲೆ ಹೆಸರು ಹೇಳ್ತೀವಿ ಅಂದ್ರು ಸಾರು. ನಂಗೆ ಊಟ ಇಳೀಲಿಲ್ಲ. ನಮ್ಮ ಯಜಮಾನ್ರ ಕಂಪ್ನಿ ಆಗ್ಲೇ ಬಾಗಿಲು ಹಾಕಿತ್ತು, ಮನೆ ನಡೀತಿದ್ದಿದ್ದು ನನ್ನೊಬ್ಬಳ ಸಂಬಳದಲ್ಲಿ. ತೊರಪಲ್ಲಿ ಅಗ್ರಹಾರಕ್ಕೆ ಹೋಗಿ ಅತ್ತೆ ಹತ್ರ ಅತ್ಕೊಂಡೆ.

ಎಲ್ಲಾ ಕೇಳಿದ ಅತ್ತೆ, “ಬಿಸ್ಕೆಟ್ ಮುರಿಯಕ್ಕೆ ಕೊಡಲಿ ಯಾಕಮ್ಮಿ ಅವರಿಗೆ?” ಅಂದ್ರು. ಆಮೇಲೆ ಬಾಗಿಲ ಹಿಂದಿದ್ದ ಕೊಡಲಿ ತೋರಿಸಿ, ಇದಕ್ಕೆ ವರ್ಷಾ ವರ್ಷಾ ಕುಂಕುಮ ಇಟ್ಟು ಕೈ ಮುಗೀತೀನಿ, ಅದ್ಕೇ ಇದುವರೆಗೂ ಯಾರ ಕಾಲ್ಮೇಲೂ ಬಿದ್ದಿಲ್ಲ, ನಿಮ್ಮ ಕೊಡಲಿಗೂ ಇಡು ಅಂದ್ರು. ಅಲ್ಲೇ ಕಾಲು ಚಾಚಿ ಕೂತಿದ್ದ ನಮ್ಮ ಮಾವನಿಗೆ ಎಡಗಾಲಲ್ಲಿ ಎರಡು ಬೆರಳಿಲ್ಲ. ನಾನು ಆ ಕಾಲೇ ನೋಡ್ತಾ ನಿಂತೆ.

“ಅದು ಮಚ್ಚಿಂದ ಹೋಗಿದ್ದು. ಅದಕ್ಕೆ ಇಡೋದು ಮರ್ತೋಗಿತ್ತು,” ಅಂದ್ರು ಅತ್ತೆ.

ಒಳ್ಳೆ ಗಳಿಗೆ

ಆಯುಧಪೂಜೆ ದಿನ ಮೆಶಿನ್ನು, ಸ್ಪ್ಯಾನರು, ಕತ್ತರಿ ಎಲ್ಲಕ್ಕೂ ಕುಂಕುಮ ಬಿತ್ತು. ನಾನು ತಟ್ಟೆ ಹಿಡ್ಕೊಂಡು ಸೀದಾ ಎಚ್‌ಆರ್ ಸಾರ್ ರೂಮಿಗೆ ಹೋದೆ. ನಮ್ಮ ಹೆಸರು ಹೆಡ್ ಆಫೀಸಿಗೆ ಹೋಗೋದು ಅವರ ಲ್ಯಾಪ್‌ಟಾಪಿಂದ. ಕೊಡಲಿ ಅಂದ್ರೆ ಅದೇ ತಾನೆ? ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಹಾಕಿ, ನನ್ನ ಮೇಲೆ ಬೀಳ್ಬೇಡಪ್ಪಾ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಸಾರ್ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷದಲ್ಲಿ ಅವರ ಆಯುಧಕ್ಕೆ ಯಾರೂ ಪೂಜೆ ಮಾಡಿರ್ಲಿಲ್ವಂತೆ. ಪೂಜೆಗಿಟ್ಟಿದ್ದನ್ನ ಅವತ್ತು ಮುಟ್ಟಬಾರದು ಅಂತ ಮುಚ್ಚಳಾನೇ ತೆಗೀಲಿಲ್ಲ. ಅತ್ತೆ ಮದ್ದು ನಾಟ್ತು ಅಂದ್ಕೊಂಡು ಮನೆಗೆ ಬಂದೆ.

ಮಾರನೇ ದಿನ ವಿಜಯದಶಮಿ, ರಜ. ಪಾಯಸಕ್ಕೆ ಶ್ಯಾವಿಗೆ ಹುರೀತಿದ್ದೆ, ಸಾರೇ ಫೋನ್ ಮಾಡಿದ್ರು. ಪೂಜೆ ಮಾಡಿದ ಆಯುಧದಲ್ಲಿ ಇವತ್ತು ಒಳ್ಳೆ ಗಳಿಗೇಲಿ ಕೆಲ್ಸ ಶುರು ಮಾಡ್ಬೇಕಲ್ವಾ ಅಂತ ಕೇಳಿದ್ರು. ಹೌದು ಸಾರ್, ಮಾಡ್ಲೇಬೇಕು ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

“ಅದ್ಕೇ ಆ ಆಕ್ಸ್ ಹೆಸರುಗಳನ್ನೇ ಈಗ ಕಳಿಸ್ದೆ ಅಮ್ಮಾ. ನಿಮ್ದು ಎಲ್ಲೋ ಕೊನೇಲಿತ್ತು. ಪೂಜೆ ಮಾಡಿದೋರಲ್ವಾ ಅಂತ ಮೊದಲನೇದಾಗಿ ಹಾಕಿದೀನಿ.”

ಅಳೋಣ ಅಂತ ಸೆರಗು ಕೈಗೆ ತಗೊಂಡೆ. ನಗು ಬಂದ್ಬುಡ್ತು. ಅಷ್ಟರಲ್ಲಿ ಶ್ಯಾವಿಗೆ ಸೀದೋಗಿತ್ತು.